ಅಂಚು ಉಜ್ಜಿದ ಗಾಜು

ಆ ಗಾಜಿನ ಅಂಚಿನ ಮೇಲೆ ಬೆರಳಾಡಿಸಿದರೆ ಚರ್ಮ ಸೀಳಬೇಕಿತ್ತು. ಸೀಳಲಿಲ್ಲ. ಇಂಜಿನಿಯರ್ ಇನ್ನೊಮ್ಮೆ, ಈ ಸಲ ಬೇಕೆಂದೇ ಸ್ವಲ್ಪ ಒತ್ತಿ ಆಡಿಸಿದಳು. ಬೆಣ್ಣೆಯ ಮೇಲೆ ಜಾರಿದ ಹಾಗೆ ಬೆರಳು ಜಾರಿತು.

ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದು ಬಿರುಕು ಹರಿದಿತ್ತು. ಅದರ ಮೇಲೆ ಮೂರು ಕಡೆ, ಗಾಯಕ್ಕೆ ಪಟ್ಟಿ ಹಾಕಿದ ಹಾಗೆ, ತೆಳುವಾದ ಗಾಜಿನ ಪಟ್ಟಿಗಳನ್ನು ಅವಳೇ ಅಂಟಿಸಿದ್ದಳು. ಪಟ್ಟಿಯ ಒಂದು ತುದಿ ಬಿರುಕಿನ ಈಚೆ, ಇನ್ನೊಂದು ಆಚೆ, ಎರಡಕ್ಕೂ ಸಿಮೆಂಟಿನ ಮುದ್ದೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ತಾಳದು, ಒಡೆಯುತ್ತದೆ. ಗಾಜು ಇಡಿಯಾಗಿದ್ದರೆ ಗೋಡೆ ನಿಂತಲ್ಲೇ ನಿಂತಿದೆ. ಇದಕ್ಕಿಂತ ಸರಳವಾದ ಉಪಕರಣ ಇಲ್ಲವೆಂದೂ ಗಾಜಿಗೆ ಯಾರ ಮುಲಾಜೂ ಇಲ್ಲವೆಂದೂ ಅವಳು ನಂಬಿದ್ದಳು.

ಪಟ್ಟಿಗಳನ್ನು ಕಿಟಕಿ ಗಾಜಿನ ಅಂಗಡಿಯಲ್ಲಿ ಕೊಯ್ಯಿಸಿಕೊಂಡು ಬರುತ್ತಿದ್ದಳು. ಕೊಯ್ಯುವವನಿಗೆ ಅಂಚಿನ ಚಿಂತೆ ಇರಲಿಲ್ಲ. ಅದರ ಗುರುತು ಅವಳ ಹೆಬ್ಬೆರಳಿನ ಮೇಲಿತ್ತು. ಕೆಳಗಿನ ಎರಡು ಪಟ್ಟಿಗಳು ಈಗಲೂ ಮೊದಲಿನಷ್ಟೇ ಹರಿತವಾಗಿದ್ದವು. ಮೊದಲ ಮಹಡಿಯ ಬಾಗಿಲ ಪಕ್ಕದ್ದು ಮಾತ್ರ ಹೀಗೆ. ಅದರ ಮೇಲೆ ಬರೆದಿದ್ದ ತಾರೀಕು ಅವಳದೇ ಅಕ್ಷರದಂತಿತ್ತು. ಗಾಜು ಅವಳದಾಗಿರಲಿಲ್ಲ.

ಕೆಳಗೆ ಕನ್ನಡಕದಂಗಡಿಯಲ್ಲಿ ಸಾಣೆಚಕ್ರ ತಿರುಗುತ್ತಿತ್ತು. ಕನ್ನಡಕದ ಗಾಜನ್ನು ಫ್ರೇಮಿಗೆ ಹೊಂದಿಸಿ, ಅಂಚು ಉಜ್ಜಿ ನುಣುಪು ಮಾಡುವ ಚಕ್ರ ಅದು. ಇಂಜಿನಿಯರ್ ಆ ಸದ್ದು ಕೇಳುತ್ತ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. ಗಾಜು ಕೈಗೆ ಬಂದರೆ ಅಂಚು ಉಜ್ಜದೆ ಬಿಡಲಾರದವರು ಈ ಓಣಿಯಲ್ಲಿ ಒಬ್ಬರೇ.

ಓಣಿ ಹಳೆಯ ಪೇಟೆಯ ಹೊಟ್ಟೆಯೊಳಗಿತ್ತು. ಪೇಟೆಗೆ ಹೊಸ ಜೀವ ಕೊಡಲು ನಗರಸಭೆ ಯೋಜನೆ ಹಾಕಿತ್ತು. ಓಣಿಯ ಆ ಬದಿಯಲ್ಲಿ ಪಾಳುಬಿದ್ದ ಗೋದಾಮುಗಳನ್ನು ಕೆಡವಿ, ಮರ ನೆಟ್ಟು ಬೆಂಚು ಹಾಕಿ ಚೌಕ ಮಾಡುವುದು. ಈ ಬದಿಯ ಮನೆಗಳ ಸಾಲು ಗಟ್ಟಿಯಿದ್ದರೆ ದುರಸ್ತಿ ಮಾಡಿ ಉಳಿಸುವುದು. ಇಲ್ಲದಿದ್ದರೆ ಅದನ್ನೂ ಕೆಡವಿ ಚೌಕವನ್ನು ಇನ್ನಷ್ಟು ಅಗಲ ಮಾಡಿ, ಮನೆಯವರಿಗೆ ಊರಾಚೆ ಲಿಫ್ಟ್ ಇರುವ ಕಟ್ಟಡದಲ್ಲಿ ಫ್ಲ್ಯಾಟು ಕೊಡುವುದು. ಗಟ್ಟಿಯೋ ಅಲ್ಲವೋ ಎಂದು ಹೇಳಬೇಕಾದವಳು ಇವಳು. ಸಾಲಿನ ಮನೆಗಳೆಲ್ಲ ಒಂದರ ಹೆಗಲಿಗೆ ಇನ್ನೊಂದು ಒರಗಿ ನಿಂತಿದ್ದವು. ಕನ್ನಡಕದಂಗಡಿಯ ಈ ಗೋಡೆ ಹೋದರೆ ಉಳಿದವೂ ಹೋದ ಹಾಗೆಯೇ. ಅವಳ ವರದಿ ನೋಡಿ ತೀರ್ಮಾನಿಸುವ ನಗರಸಭೆಯ ಸಮಿತಿ ಕೂರುವ ದಿನ ಹತ್ತಿರ ಬಂದಿತ್ತು.

ಸಾಲು ಉಳಿಯಲಿ ಎಂಬ ಆಸೆ ಅವಳಿಗಿತ್ತು. ಅದನ್ನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅಳೆಯುವವರಿಗೆ ಆಸೆ ಇರಬಾರದೆಂದು ಓದುವ ಕಾಲದಲ್ಲಿ ಮೇಷ್ಟ್ರು ತಲೆಗೆ ತುಂಬಿದ್ದರು. ಆದರೆ ಅಂಗಡಿಯ ಚಾವಣಿ ನೋಡಿದವರಿಗೆ ಆಸೆ ಹುಟ್ಟದೆ ಇರುವುದು ಕಷ್ಟ. ಯಾವ ಕಾಲದ ಯಾವ ಕೈಯೋ, ಗಾರೆಯಲ್ಲಿ ಬಳ್ಳಿ, ಎಲೆ, ಹಕ್ಕಿಗಳನ್ನು ಎತ್ತಿ ನಿಲ್ಲಿಸಿತ್ತು. ಹೊಸ ಕನ್ನಡಕ ಹಾಕಿಕೊಂಡವರು ಮೊದಲು ತಲೆಯೆತ್ತಿ ಆ ಹಕ್ಕಿಗಳನ್ನೇ ನೋಡುತ್ತಿದ್ದರು.

"ಯಾರದು, ಗಾಜಿನಮ್ಮನಾ?" ಕೋಣೆಯೊಳಗಿನಿಂದ ಕೂಗು ಬಂತು. ಓಣಿಯವರು ಅವಳಿಗಿಟ್ಟಿದ್ದ ಹೆಸರು ಅದು. "ಬಾಗಿಲಲ್ಲಿ ನಿಂತು ಗೋಡೆ ಸವರ್ತಾ ಇರ್ಬೇಡ. ಒಳಗೆ ಬಾ."

ಕೂಗಿದ್ದು ಕನ್ನಡಕದಂಗಡಿಯವಳ ಅತ್ತೆ. ಕಿಟಕಿಯ ಪಕ್ಕದ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಕಿಟಕಿಯಾಚೆ ಗೋದಾಮಿನ ಬೋಳು ಗೋಡೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆಯಸ್ಸೆಲ್ಲ ಕೆಳಗಿನ ಅಂಗಡಿಯಲ್ಲಿ ಚಕ್ರದ ಮುಂದೆ ಕೂತು ಕಳೆದವರು. ಸೊಸೆಗೆ ಕೆಲಸ ಕಲಿಸಿದ್ದೂ ಅವರೇ. ಮಂಡಿ ಕೈಕೊಟ್ಟ ಮೇಲೆ ಕೋಲು ಹಿಡಿದು ಕೋಣೆಯ ಹೊಸ್ತಿಲವರೆಗೆ ಬರುತ್ತಿದ್ದರು. ಅದರಾಚೆಯ ಮೆಟ್ಟಿಲುಗಳು ಕಡಿದಾಗಿದ್ದವು, ಇಕ್ಕಟ್ಟಾಗಿದ್ದವು.

"ಬಾಗಿಲು ಹಾಕು," ಅಂದರು. "ಒಂದು ಮಾತು ಕೇಳ್ಬೇಕು. ನಗಬಾರದು, ಬೈಯಲೂಬಾರದು."

ಇಂಜಿನಿಯರ್ ಬಾಗಿಲು ಹಾಕಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ನಿನ್ನ ಗಾಜು ಎಲ್ಲಿಂದ ತರ್ತೀಯ?"

"ಯಾಕಮ್ಮ?"

"ಒಡೆದ್ರೆ ಮತ್ತೆ ಹುಟ್ಟುತ್ತಲ್ಲ ಅದು."

ಇಂಜಿನಿಯರ್ ಕೈಕಟ್ಟಿ ಕೂತಳು. ಪ್ರಯೋಗ ನಡೆಯುವಾಗ ಮಧ್ಯೆ ಕೈ ಹಾಕಬಾರದು.

"ನೋಡು, ಸೊಸೆ ಕೆಳಗೆ ಗಿರಾಕಿ ಜೊತೆ ಮಾತಾಡ್ತಿದ್ಲು. ಮೆಲ್ಲಗೆ ಎದ್ದು ಹೋಗಿ, ಕೋಲಿನ ತುದೀಲಿ ಒಂದೇಟು ಕೊಟ್ಟೆ. ಪಟ್ ಅಂತು. ಬಂದು ಮಲಕ್ಕೊಂಡೆ. ಮಾರನೇ ದಿನ ನೋಡ್ತೀನಿ, ಗಾಜು ಇಡಿಯಾಗಿದೆ. ಕನ್ನಡಕ ಒರೆಸ್ಕೊಂಡು ನೋಡಿದ್ರೂ ಇಡಿಯಾಗಿದೆ. ಕನಸೇ ಇರ್ಬೇಕು ಅಂದ್ಕೊಂಡೆ. ಇನ್ನೊಂದ್ಸಲ ಕೊಟ್ಟೆ. ಮತ್ತೆ ಅದೇ ಕತೆ. ಈ ಮನೇಲಿ ದೆವ್ವ ಇಲ್ಲ, ಇದ್ದಿದ್ರೆ ಇಷ್ಟು ವರ್ಷದಲ್ಲಿ ಕನ್ನಡಕ ಕೇಳ್ಕೊಂಡು ಬಂದಿರ್ತಿತ್ತು. ಹಾಗಾಗಿ ನೀನೇ ಕದ್ದು ಬಂದು ಅಂಟಿಸ್ತಿದ್ದೀಯ ಅಂತ ನನ್ನ ಅನುಮಾನ."

"ನಾನಲ್ಲ ಅಮ್ಮ." ನಗು ಬಂದರೂ ಇಂಜಿನಿಯರ್ ತಡೆದುಕೊಂಡಳು. "ಒಡೆದದ್ದು ಯಾಕೆ?"

"ಯಾಕೆ ಅಂದ್ರೆ? ಗೋಡೆ ಬೀಳೋ ಹಾಗಿದೆ ಅಂತ ನೀನು ಬರೀಲಿ ಅಂತ. ಬರೆದ್ರೆ ಫ್ಲ್ಯಾಟು ಕೊಡ್ತಾರಂತೆ. ಅಲ್ಲಿ ಲಿಫ್ಟು ಇರುತ್ತಂತೆ. ಗುಂಡಿ ಒತ್ತಿದ್ರೆ ಕೆಳಗೆ ಇಳಿಸುತ್ತಂತೆ."

ಇಂಜಿನಿಯರ್ ಇದನ್ನು ನಿರೀಕ್ಷಿಸಿರಲಿಲ್ಲ. ಹಳೆಯ ಮನೆಯ ಪರವಾಗಿ ಹಿರಿಯರು, ಹೊಸದರ ಪರವಾಗಿ ಕಿರಿಯರು, ಹೀಗೊಂದು ಲೆಕ್ಕ ಅವಳ ತಲೆಯಲ್ಲಿ ಕೂತಿತ್ತು. ಯಾರನ್ನೂ ಕೇಳಿ ಹಾಕಿದ ಲೆಕ್ಕವಲ್ಲ ಅದು.

"ನಿಮಗೆ ಈ ಮನೆ ಬಿಡೋಕೆ ಬೇಜಾರಾಗಲ್ವಾ?"

"ಈ ಕೋಣೆ ಬಿಡೋಕೆ ಏನು ಬೇಜಾರು?" ಅತ್ತೆ ಕೋಲಿನಿಂದ ನೆಲ ಕುಟ್ಟಿದರು. "ಮನೆ ಅಂದ್ರೆ ಇದರ ಕೆಳಗಿರೋದು. ಅಂಗಡಿ, ಬೀದಿ, ಹೋಗೋರು, ಬರೋರು. ಅದನ್ನ ಬಿಟ್ಟು ಯಾವುದೋ ಕಾಲ ಆಯ್ತು. ನಾನೇನು ಬಿಡಲಿಲ್ಲ, ಮೆಟ್ಟಿಲು ಬಿಡಿಸ್ತು. ಒಂದು ಸಣ್ಣ ಲಿಫ್ಟ್ ಹಾಕಿಸ್ಕೋತೀವಿ ಅಂತ ಸೊಸೆ ನಿಮ್ಮ ಆಫೀಸಿಗೆ ಅರ್ಜಿ ಕೊಟ್ಲು. ಚಾವಣಿ ಕತ್ತರಿಸೋ ಹಾಗಿಲ್ಲ, ಕಾಯ್ದಿಟ್ಟದ್ದು ಅಂದ್ರು. ಚಾವಣೀನ ಕಾಯ್ದಿಟ್ರು, ಜೊತೆಗೆ ನನ್ನನ್ನೂ ಇಟ್ರು."

ಚಾವಣಿಗೆ ಕೈ ಹಚ್ಚಬಾರದೆಂಬ ಆ ನಿಯಮವನ್ನು ಬರೆದವರಲ್ಲಿ ಇಂಜಿನಿಯರ್ ಕೂಡ ಒಬ್ಬಳು. ಅವಳು ಕಿಟಕಿಯ ಕಡೆ ನೋಡಿದಳು. ನೋಡಲು ಅಲ್ಲಿ ಏನೂ ಇರಲಿಲ್ಲ.

"ಹೋಗ್ಬೇಕು ಅಂತ ಸೊಸೆಗೆ ಹೇಳಿದ್ರಾ?"

"ಅವಳ ಜೀವ ಇರೋದೇ ಆ ಚಕ್ರದಲ್ಲಿ. ಅಂಗಡಿ ಬಿಡು ಅಂತ ಮುಖ ನೋಡ್ಕೊಂಡು ಹೇಳೋಕೆ ನನ್ನ ಕೈಲಿ ಆಗಲ್ಲಮ್ಮ. ಅದಕ್ಕೇ ಗೋಡೆ ಬಾಯಲ್ಲಿ ಹೇಳಿಸೋಣ ಅಂತ." ಅತ್ತೆ ದನಿ ತಗ್ಗಿಸಿದರು. "ಅವಳಿಗೂ ಈಚೆಗೆ ಏನೋ ಆಗಿದೆ. ನನ್ನ ಕೋಣೇಲೇ ಹಾಸ್ಕೊಂಡು ಮಲಗ್ತಾಳೆ. ಕೇಳಿದ್ರೆ ಗಂಡನ ಗೊರಕೆ ತಾಳೋಕಾಗಲ್ಲ ಅಂತಾಳೆ. ನನ್ನ ಮಗ ರೈಲಿನ ಗಾರ್ಡು, ಊರಲ್ಲಿರೋದೇ ಅಪರೂಪ. ಎಲ್ಲೋ ರೈಲಲ್ಲಿ ಹೊಡೆದ ಗೊರಕೆ ಇವಳಿಗೆ ಇಲ್ಲಿ ಕೇಳುತ್ತಾ?"

ಸುತ್ತಿಟ್ಟ ಹಾಸಿಗೆ ಕೋಣೆಯ ಮೂಲೆಯಲ್ಲಿತ್ತು. ಎಲ್ಲಿ ಹಾಸುತ್ತಾಳೆಂದು ಇಂಜಿನಿಯರ್ ಕೇಳಿದಳು. ಅತ್ತೆ ಕೋಲಿನಿಂದ ತೋರಿಸಿದರು. ಮಂಚಕ್ಕೂ ಮೆಟ್ಟಿಲ ಕಡೆಯ ಬಿರುಕಿನ ಗೋಡೆಗೂ ನಡುವಿನ ಜಾಗ. ಅಲ್ಲಿ ಕೈ ಅಗಲಿಸಿ ಮಲಗಲೂ ಎಡೆಯಿರಲಿಲ್ಲ.

ಇಂಜಿನಿಯರ್‌ಗೆ ಎಲ್ಲ ಹೊಳೆಯಿತು. ಎದ್ದು, ಬಾಗಿಲು ತೆರೆದಿಟ್ಟೇ ಕೆಳಗಿಳಿದಳು.

ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ಓಣಿಯವರು ಕನ್ನಡಕದಕ್ಕ ಎಂದು ಕರೆಯುವ ಸೊಸೆ ಚಕ್ರದ ಮುಂದೆ ಬಗ್ಗಿ ಕೂತಿದ್ದಳು. ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು.

"ಏನಂತು ಮೇಡಂ ಗೋಡೆ? ಇನ್ನೂ ನಿಂತ್ಕೊಂಡಿರುತ್ತಂತಾ?" ತಲೆಯೆತ್ತದೆ ಕೇಳಿದಳು. ತಮಾಷೆಯ ಮಾತೇ, ಆದರೆ ಕೇಳಿದ ದನಿ ಒಣಗಿತ್ತು.

"ಗೋಡೆ ಏನೂ ಅನ್ನಲಿಲ್ಲ. ಗಾಜು ಹೇಳ್ತು." ಇಂಜಿನಿಯರ್ ಬೆರಳು ಚಾಚಿದಳು. "ನನ್ನ ಗಾಜು ಮುಟ್ಟಿದ್ರೆ ರಕ್ತ ಬರುತ್ತೆ. ನಿಮ್ಮದು ಮುಟ್ಟಿದೆ, ಬರಲಿಲ್ಲ."

ಚಕ್ರ ನಿಂತಿತು.

"ಹಾಗೇ ಬಿಡ್ಬೇಕು ಅಂದ್ಕೊಂಡಿದ್ದೆ," ಸೊಸೆ ಅಂದಳು. "ನಿಮ್ಮ ಅಕ್ಷರ ಕೂಡ ಕೂತು ತಿದ್ದಿದ್ದೆ. ಆದ್ರೆ ಅಂಚು ಹಾಗೆ ಒರಟಾಗಿ ಬಿಡೋಕೆ ಕೈ ಕೇಳಲಿಲ್ಲ." ಎರಡೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಎಷ್ಟು ಜರುಗಿದೆ? ನಿಜ ಹೇಳಿ, ಮುಚ್ಚಿಡ್ಬೇಡಿ."

"ಎಷ್ಟು ಜರುಗಿದೆ ಅಂದ್ಕೊಂಡಿದ್ದೀರ?"

"ನಂಗೇನು ಗೊತ್ತು. ಗಾಜು ಒಡೆದದ್ದು ಕಂಡಾಗೆಲ್ಲ ಎದೆ ಧಸಕ್ಕಂತಿತ್ತು. ಹೇಳಿದ್ರೆ ಅಂಗಡಿ ಹೋಗುತ್ತೆ. ಅತ್ತೆ ಈ ಮನೆ ಬಿಟ್ಟು ಒಂದು ದಿನ ಬದುಕಲ್ಲ. ಹೇಳದೆ ಇದ್ರೆ ಗೋಡೆ ಅವರ ತಲೆ ಮೇಲೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನ ತಳ್ಳಿದೆ. ಅಲ್ಲಿವರೆಗೆ ಇರ್ಲಿ ಅಂತ ಗೋಡೆ ಕಡೆ ನಾನು ಮಲಗ್ತಿದ್ದೆ. ಬಿದ್ರೆ ಮೊದಲು ನನ್ನ ಮೇಲೆ ಬೀಳ್ಲಿ."

ಬೀಳುವ ಗೋಡೆ ಒಬ್ಬರ ಮೇಲೆ ಬಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ಅದು ಇಂಜಿನಿಯರ್‌ಗೆ ಗೊತ್ತಿತ್ತು, ಹೇಳಲಿಲ್ಲ.

"ಗೋಡೆ ಜರುಗಿಲ್ಲ," ಅಂದಳು. "ಬಿರುಕಿನ ಆಚೆಗೊಂದು ಈಚೆಗೊಂದು ಸಣ್ಣ ಮೊಳೆ ಹೊಡೆದಿದ್ದೀನಿ, ನೋಡಿರ್ತೀರ. ಬಂದಾಗೆಲ್ಲ ಅವೆರಡರ ನಡುವೆ ಅಳೀತೀನಿ. ಗಾಜು ಸಮಿತಿಯವರ ಕಣ್ಣಿಗೆ, ಮೊಳೆ ನನ್ನ ಸಮಾಧಾನಕ್ಕೆ. ಮೊದಲು ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಅದು ಯಾವುದೋ ಹಳೇ ಕಾಲದ ಬಿರುಕು. ಯಾವತ್ತೋ ಬಿಟ್ಟು, ಯಾವತ್ತೋ ನಿಂತುಹೋಗಿದೆ."

ಸೊಸೆ ಕೂತಲ್ಲೇ ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಂಜಿನಿಯರ್‌ಗೆ ಏನು ಮಾಡಬೇಕೋ ತೋಚದೆ, ಮೇಜಿನ ಮೇಲಿನ ಕನ್ನಡಕಗಳನ್ನು ಒಂದರ ಪಕ್ಕ ಒಂದು ನೇರವಾಗಿ ಇಟ್ಟಳು.

"ಹಾಗಾದ್ರೆ ಗಾಜು ಒಡೀತಿದ್ದದ್ದು ಹೇಗೆ?" ಸೊಸೆ ಮುಖ ಒರೆಸಿಕೊಳ್ಳುತ್ತ ಕೇಳಿದಳು.

ನಂಬಿ ಹೇಳಿದ ಮಾತನ್ನು ಬಿಟ್ಟುಕೊಡುವುದೋ ಬೇಡವೋ ಎಂದು ಇಂಜಿನಿಯರ್ ತಡವರಿಸುತ್ತಿರುವಾಗಲೇ ಮೇಲಿನಿಂದ ಕೋಲಿನ ಸದ್ದು ಕೇಳಿತು.

"ನಾನೇ ಒಡೆದದ್ದು ಕಣೇ."

ಅತ್ತೆ ಹೊಸ್ತಿಲು ದಾಟಿ, ಮೇಲಿನ ಮೆಟ್ಟಿಲ ತುದಿಯಲ್ಲಿ ಗೋಡೆಗೆ ಕೈಯೂರಿ ನಿಂತಿದ್ದರು. ಸೊಸೆ ಮೆಟ್ಟಿಲ ಬುಡಕ್ಕೆ ಓಡಿದಳು.

"ಅತ್ತೆ, ಅಲ್ಲೇ ನಿಂತ್ಕೊಳ್ಳಿ. ಕಾಲು ಮುಂದಿಡ್ಬೇಡಿ."

"ಇಡೋ ಹಾಗಿದ್ದಿದ್ರೆ ಗಾಜು ಯಾಕೆ ಒಡೀತಿದ್ದೆ?"

"ನೀವಾ? ಯಾವುದರಲ್ಲಿ?"

"ಕೋಲಲ್ಲಿ."

"ನಾನು ಎಷ್ಟು ರಾತ್ರಿ ಕಣ್ಣು ಮುಚ್ಚಿಲ್ಲ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಪಕ್ಕದಲ್ಲಿ ನೀನು ಹೊರಳಾಡ್ತಿದ್ರೆ ನನಗೆಲ್ಲಿ ನಿದ್ದೆ."

"ಹೋಗ್ಬೇಕು ಅಂತ ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ಗಾಜು ಒಡೆದಿದೆ ಅತ್ತೆ ಅಂತ ನೀನು ಹೇಳಿದ್ಯಾ?"

ಅತ್ತೆ ಮೇಲೆ, ಸೊಸೆ ಕೆಳಗೆ. ನಡುವೆ ಅಷ್ಟೂ ಮೆಟ್ಟಿಲುಗಳಿದ್ದವು. ಕೊನೆಗೆ ಅತ್ತೆಯೇ ಮಾತು ತೆಗೆದರು.

"ಅಂಚು ಉಜ್ಜಿದ್ದೀಯಂತೆ."

"ಹೂಂ."

"ಮೂಲೇನೂ?"

"ನಾಲ್ಕೂ ಮೂಲೆ."

"ಮತ್ತೆ," ಅಂದರು ಅತ್ತೆ, ಬೇರೆ ಯಾರಿಗೋ ಹೇಳುವ ಹಾಗೆ. "ಕಲಿಸಿದ್ದು ಯಾರು."

ಸೊಸೆ ಮೆಟ್ಟಿಲು ಹತ್ತಿದಳು. ಮೇಲಿನ ಮೆಟ್ಟಿಲ ಮೇಲೆ ಅತ್ತೆಯನ್ನು ಕೂರಿಸಿ, ತಾನೂ ಒಂದು ಮೆಟ್ಟಿಲು ಕೆಳಗೆ ಕೂತು, ಅವರ ಮಂಡಿ ಒತ್ತತೊಡಗಿದಳು. ಆಮೇಲೆ ಅವರಿಬ್ಬರೂ ಏನು ಮಾತಾಡಿಕೊಂಡರೋ ಕೆಳಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಯಾರೋ ಬಂದು ತಮ್ಮ ಕನ್ನಡಕ ಆಯಿತೇ ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಅಂಗಡಿಯವರು ಮಾತಾಡ್ತಿದ್ದಾರೆ ಎಂದು ಇಂಜಿನಿಯರ್ ಕಳಿಸಿದಳು.

ಆ ದಿನ ಕಚೇರಿಗೆ ಹೋಗಿ ಅವಳು ಬಹಳ ಹೊತ್ತು ಕೂತಳು. ಗೋಡೆಯ ಮಾತು ಸುಲಭ: ಗಟ್ಟಿಯಿದೆ, ಸಾಲು ಉಳಿಯಬಹುದು. ಅವಳ ಆಸೆಯೂ ಅಳತೆಯೂ ಒಂದೇ ಕಡೆ ಬಂದು ನಿಂತಿದ್ದವು. ಆದರೆ ಅಷ್ಟನ್ನೇ ಬರೆದರೆ ಅತ್ತೆ ಆ ಕೋಣೆಯಲ್ಲೇ ಉಳಿಯುತ್ತಾರೆ. ಇಲ್ಲವೇ ಅವರಿಗಾಗಿ ಸೊಸೆ ಅಂಗಡಿ ಮುಚ್ಚಿ ಊರಾಚೆ ಹೋಗುತ್ತಾಳೆ. ಇಂಜಿನಿಯರ್ ಕೂತಿದ್ದ ಮೇಜಿನ ಖಾನೆಯಲ್ಲಿ ಬೀಗದಕೈಗಳ ಒಂದು ಗೊಂಚಲಿತ್ತು. ಹೀಗೆಯೇ ಉಳಿಸಿದ ಮನೆಗಳವು. ಬಾಗಿಲು, ಕಂಬ, ಚಾವಣಿ ಎಲ್ಲ ಇದ್ದಲ್ಲೇ ಇದ್ದವು. ಜನ ಮಾತ್ರ ಒಬ್ಬೊಬ್ಬರಾಗಿ ಹೊರಟು ಹೋಗಿದ್ದರು. ಮಳೆಗಾಲ ಕಳೆದ ಮೇಲೆ ಅವಳೇ ಹೋಗಿ ಬೀಗ ತೆಗೆದು, ಸೋರಿದೆಯೇ ಎಂದು ನೋಡಿ ಬರುತ್ತಿದ್ದಳು.

ಅಂಗಡಿಯ ನಕ್ಷೆ ಹರಡಿಕೊಂಡಳು. ಚಾವಣಿಯ ತೊಲೆಗಳು ಹಾದುಹೋದ ರೀತಿ ನೋಡಿದರೆ ಸಣ್ಣ ಲಿಫ್ಟಿಗೆ ಎರಡೇ ಜಾಗ: ಬೀದಿ ಕಡೆಯ ಮೂಲೆ, ಇಲ್ಲವೇ ಹಿಂದಿನ ಮೂಲೆ. ಎರಡೂ ಕಡೆ ಗಾರೆಯ ಕೆಲಸವಿತ್ತು. ಯಾವುದನ್ನು ಕಳೆದುಕೊಳ್ಳುವುದು? ಸಂಜೆಯವರೆಗೂ ತೂಗಿ ನೋಡಿದಳು, ತೀರ್ಮಾನವಾಗಲಿಲ್ಲ. ಮಾರನೆಯ ದಿನ ನಕ್ಷೆ ಸುತ್ತಿಕೊಂಡು ಅತ್ತೆಯ ಮುಂದೆ ಹೋಗಿ ಕೂತಳು.

"ಬೀದಿ ಕಡೇದು ಮುಟ್ಟಬೇಡ," ಅತ್ತೆ ನಕ್ಷೆ ನೋಡದೆಯೇ ಹೇಳಿದರು. "ಅಲ್ಲಿ ಗುಬ್ಬಿ ಮರಿಗೆ ಗುಟುಕು ಕೊಡ್ತಿದೆ. ನನ್ನ ಮಗ ಚಿಕ್ಕವನಿದ್ದಾಗ ಅದನ್ನ ನೋಡ್ಕೊಂಡೇ ಊಟ ಮಾಡ್ತಿದ್ದ. ಹಿಂದಿನ ಮೂಲೆ ತಗೋ. ಅಲ್ಲೊಂದು ಇದೆಯಲ್ಲ, ಹಕ್ಕಿನೋ ಮೀನೋ ಹೇಳೋಕಾಗಲ್ಲ."

"ಅದನ್ನ ನಾನು ಅಪರೂಪದ ಶೈಲಿ ಅಂತ ವರದೀಲಿ ಬರೆದಿದ್ದೀನಿ ಅಮ್ಮ."

"ಶೈಲಿ ಎಲ್ಲಿ ಬಂತು. ಮಾಡಿದವನಿಗೆ ಹೊತ್ತು ಮುಳುಗಿರ್ಬೇಕು. ಮನೆಗೆ ಹೋಗೋ ಅವಸರ."

ಇಂಜಿನಿಯರ್ ನಕ್ಕಳು, ಒಪ್ಪಲಿಲ್ಲ. ಆ ಹಕ್ಕಿ ಅವಳಿಗೆ ಇಷ್ಟವಾಗಿತ್ತು. ಆ ಚಾವಣಿಯಲ್ಲಿ ತನಗೆ ತೋಚಿದ ಹಾಗೆ ಇದ್ದದ್ದು ಅದೊಂದೇ. ಆದರೂ ಹಿಂದಿನ ಮೂಲೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು.

ವರದಿಯಲ್ಲಿ ಮೇಲಿನ ಗಾಜು ಲೆಕ್ಕಕ್ಕಿಲ್ಲ, ಮನೆಯವರ ಕೈ ತಾಗಿದೆ ಎಂದು ಬರೆದಳು. ಮೊಳೆಗಳ ನಡುವಿನ ಅಂತರವನ್ನು ಬೇರೊಬ್ಬ ಇಂಜಿನಿಯರ್‌ ಕೈಯಲ್ಲಿ ಅಳೆಯಿಸಿದಳು. ಅವರಿಗೂ ಅಷ್ಟೇ ಬಂತು. ಸಾಲು ಉಳಿಸಬಹುದು, ಗೋದಾಮು ಕೆಡವಿ ಚೌಕ ಮಾಡಬಹುದು, ಕನ್ನಡಕದಂಗಡಿಯ ಚಾವಣಿಯ ಹಿಂದಿನ ಮೂಲೆ ಕತ್ತರಿಸಿ ಲಿಫ್ಟ್ ಕೂರಿಸಲು ಒಪ್ಪಿಗೆ ಬೇಕು.

ಸಮಿತಿಯ ಅಧ್ಯಕ್ಷರು ಕೊನೆಯ ಸಾಲನ್ನು ಎರಡು ಸಲ ಓದಿದರು. "ಒಂದು ಕಿಟಕಿ ಚೌಕಟ್ಟಿಗೆ ನಮ್ಮ ಜೊತೆ ವರ್ಷಗಟ್ಟಲೆ ಜಗಳ ಆಡಿದವರು ನೀವೇ ತಾನೆ? ಈಗ ನೀವೇ ಚಾವಣಿ ಕತ್ತರಿಸಿ ಅಂತೀರ?"

"ಒಂದು ಮೂಲೆ," ಅಂದಳು. "ಅದನ್ನ ಬಿಟ್ಟುಕೊಡದಿದ್ರೆ ಆ ಮನೆಯವರು ಹೋಗ್ತಾರೆ. ಬೀಗ ಹಾಕೋಳು ನಾನು. ಖಾನೇಲಿ ಇನ್ನು ಜಾಗ ಇಲ್ಲ ಸಾರ್."

"ಇವರಿಗೆ ಕೊಟ್ರೆ ನಾಳೆ ಸಾಲಿನವರೆಲ್ಲ ಲಿಫ್ಟ್ ಕೇಳ್ತಾರೆ," ಮತ್ತೊಬ್ಬ ಸದಸ್ಯರು ಅಂದರು.

"ಕೇಳಲಿ. ಒಂದೊಂದು ಮನೇನೂ ಹೋಗಿ ನೋಡ್ತೀನಿ."

ಕತ್ತರಿಸಿದ ಭಾಗವನ್ನು ಪುಡಿ ಮಾಡದೆ ಇಡಿಯಾಗಿ ಇಳಿಸಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಕೆಲಸ ಶುರುವಾಗುವ ಹೊತ್ತಿಗೆ ಎದುರಿನ ಗೋದಾಮುಗಳು ನೆಲಸಮವಾಗಿದ್ದವು. ಧೂಳಿನಲ್ಲಿ ಅತ್ತೆಯನ್ನು ಮೇಲೆ ಬಿಡುವ ಹಾಗಿರಲಿಲ್ಲ. ಊರಿಗೆ ಬಂದಿದ್ದ ಮಗ ಮತ್ತು ಪಕ್ಕದ ಮನೆಯವರು ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಮೆಟ್ಟಿಲು ಇಳಿಸಿದರು. "ಗಾರ್ಡು ಸಾಹೇಬ್ರೇ, ಹಸಿರು ಬಾವುಟ ತೋರಿಸಿ ಆಯ್ತಾ?" ಎಂದು ಅತ್ತೆ ದಾರಿಯುದ್ದಕ್ಕೂ ಮಗನನ್ನು ಗೋಳು ಹೊಯ್ದುಕೊಂಡರು. ಕುರ್ಚಿಯ ಕೈ ಹಿಡಿದಿದ್ದ ಅವರ ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು.

ಒಳಗೆ ಕೆಲಸದವರು ಹಲಗೆಯ ಮೇಲೆ ಹತ್ತಿ ನಿಂತು, ಶುರು ಮಾಡೋದಾ ಎಂದು ಕೇಳಿದರು. ಇಂಜಿನಿಯರ್ ಮೂಲೆಯ ಹಕ್ಕಿಯನ್ನು ಒಂದು ಗಳಿಗೆ ನೋಡಿದಳು. ಮಾಡಿ, ಅಂದಳು. ಗರಗಸ ಗಾರೆಯನ್ನು ಮುಟ್ಟಿದ ಸದ್ದು ಹಲ್ಲಿನ ಬೇರಿನವರೆಗೂ ಹೋಯಿತು. ಗೆರೆ ತಪ್ಪದೆ ಹೋಗುತ್ತಿದೆಯೆಂದು ಖಾತರಿಯಾಗುವವರೆಗೆ ನಿಂತಿದ್ದು, ಆಮೇಲೆ ಹೊರಗೆ ಬಂದಳು.

ಗೋದಾಮು ಹೋದ ಮೇಲೆ ಓಣಿಗೆ ಬಿಸಿಲು ಬಂದಿತ್ತು. ಅತ್ತೆ ಬೀದಿಯ ನಡುವೆ, ಅಂಗಡಿಗೆ ಮುಖ ಮಾಡಿ ಕೂತು ಬೋರ್ಡು ನೋಡುತ್ತಿದ್ದರು.

"ಈ ಬಣ್ಣ ಯಾರು ಹೊಡೆಸಿದ್ದು?"

"ನಾನೇ ಅತ್ತೆ," ಸೊಸೆ ಅಂದಳು. "ಮೇಲೆ ಬಂದು ನಿಮ್ಮನ್ನೇ ಕೇಳಿದ್ದೆ. ಹಸಿರು ಹೊಡೆಸು ಅಂದ್ರಿ."

"ಇದು ಹಸಿರಾ?"

"ಹಸಿರಲ್ದೆ ಮತ್ತೇನು?"

"ನೀಲಿ ಇದು. ಕೇಳೋಣ ತಡಿ. ಗಾಜಿನಮ್ಮ, ಬಾ ಇಲ್ಲಿ. ನೀನು ಓದಿದವಳು. ಇದು ಯಾವ ಬಣ್ಣ?"

ಇಂಜಿನಿಯರ್ ಬೋರ್ಡನ್ನು ಈ ಕಡೆಯಿಂದ, ಆ ಕಡೆಯಿಂದ ನೋಡಿದಳು. "ನನಗೂ ನೀಲಿ ಅಂತಲೇ ಕಾಣ್ತಿದೆ."

"ಇಬ್ಬರ ಕಣ್ಣೂ ಕೆಟ್ಟಿದೆ," ಸೊಸೆ ಸೆರಗು ಸಿಕ್ಕಿಸಿಕೊಂಡಳು. ಒಳಗೆ ಹೋಗಿ ಧೂಳು ಕೊಡವುತ್ತ, ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆ ತಂದು, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದಳು. "ಮೊದಲು ನೀವು ಓದಿ ಅತ್ತೆ. ಮೇಲಿನ ಸಾಲಿಂದ."

ಅತ್ತೆ ಬಿಸಿಲಿಗೆ ಮುಖವೊಡ್ಡಿ, ಕಣ್ಣು ಮುಚ್ಚಿಕೊಂಡು, ಕೊನೆಯ ಸಾಲಿನ ಚಿಕ್ಕ ಅಕ್ಷರದವರೆಗೂ ಒಂದೂ ತಪ್ಪಿಲ್ಲದೆ ಓದಿದರು.